37ರ ಸ್ಟಾಪರ್ ತರಬೇಕಾ? ಮೊದಲು ಅವರ ಬೆನ್ನ ಹಿಂದಿನ ಜಾಗ ನೋಡಿ

ಪ್ರಶ್ನೆ: ಸರ್, ನಾನು ತೀರ್ಥಹಳ್ಳಿ ಕಡೆಯ ಒಂದು ಫುಟ್ಬಾಲ್ ಕ್ಲಬ್ಬಿನ ಮ್ಯಾನೇಜರ್. ಮ್ಯಾನೇಜರ್ ಅಂದರೆ ಬಾಲಿಗೆ ಗಾಳಿ ಹೊಡೆಸುವುದರಿಂದ ಹಿಡಿದು ಜರ್ಸಿ ಒಗೆಸುವವರೆಗೆ ಎಲ್ಲ ನಾನೇ. ನಮ್ಮ ಹುಡುಗರಿಗೆಲ್ಲ 18ರಿಂದ 23 ವಯಸ್ಸು. ಮೇಲೆ ಹತ್ತಿ ಪ್ರೆಸ್ ಮಾಡಿ, ಅಂದರೆ ಎದುರಾಳಿಯ ಅಂಗಳದಲ್ಲೇ ಅವರ ಮೈಮೇಲೆ ಬಿದ್ದು ಆಡುತ್ತಾರೆ, ನೋಡೋಕೆ ಚೆನ್ನಾಗಿರುತ್ತದೆ. ಆದರೆ ಕಳೆದ ಸೀಸನ್ನಿನ 11 ಮ್ಯಾಚಲ್ಲಿ 19 ಗೋಲು ತಿಂದೆವು. ಅದರಲ್ಲಿ 9 ಕೊನೆ ಕಾಲು ಗಂಟೆಯಲ್ಲಿ, ಹೆಚ್ಚಿನವು ಬ್ಯಾಕ್‌ಗಳ, ಅಂದರೆ ಹಿಂದೆ ಗೋಲು ಕಾಯುವ ಡಿಫೆಂಡರ್‌ಗಳ, ತಲೆ ಮೇಲಿಂದ ಬಂದ ಬಾಲಿಗೆ. ಈ ಸಲ ಒಬ್ಬ ಅನುಭವಿ ಡಿಫೆಂಡರ್ ತರೋಣ ಅಂತ ಕಮಿಟಿ ತೀರ್ಮಾನಿಸಿದೆ. ಇಬ್ಬರು ಸಿಕ್ಕಿದ್ದಾರೆ. ಒಬ್ಬರು ನಮ್ಮೂರಿನ ಅಣ್ಣ, 37 ವರ್ಷ. ಬೆಂಗಳೂರಲ್ಲಿ ಡಿಪಾರ್ಟ್‌ಮೆಂಟ್ ಟೀಮಿಗೆ ಸ್ಟಾಪರ್ (ನಡುವೆ ನಿಲ್ಲುವ ಡಿಫೆಂಡರ್) ಆಗಿದ್ದರು. ಲೀಗ್ ಬಿಟ್ಟು ಎರಡು ವರ್ಷ ಆಯಿತು, ಈಗ ಭಾನುವಾರ ಮಾತ್ರ ಆಡುತ್ತಾರೆ. ಇನ್ನೊಬ್ಬರು ಭದ್ರಾವತಿಯವರು, 33 ವರ್ಷ. ರೈಟ್ ಬ್ಯಾಕ್, ಅಂದರೆ ಬಲಬದಿಯ ಡಿಫೆಂಡರ್. ಈಗಲೂ ವೇಗ ಇದೆ, ಸ್ಟಾಪರ್ ಆಡಲೂ ತಯಾರು. ಆದರೆ ಹೋದ ವರ್ಷ ಎರಡು ಸಲ ಹ್ಯಾಮ್‌ಸ್ಟ್ರಿಂಗ್ (ತೊಡೆ ಹಿಂದಿನ ಸ್ನಾಯು) ಹಿಡಿದುಕೊಂಡಿತ್ತು. ನಮ್ಮ ಹತ್ತಿರ ಇರುವುದು 50 ಸಾವಿರ. ಯಾರನ್ನು ತರೋಣ? ಹುಡುಗರಲ್ಲಿ ಒಬ್ಬ, 35 ದಾಟಿಯೂ ಗೆದ್ದ ಬ್ರೆಜಿಲ್ ಸ್ಟಾಪರ್ ಥಿಯಾಗೋ ಸಿಲ್ವಾ ಹೆಸರು ಹೇಳುತ್ತಾನೆ, ಇನ್ನೊಬ್ಬ ಅದೇ ವಯಸ್ಸಲ್ಲಿ ಗಾಯದಿಂದ ಹೊರಗೆ ಕೂತ ಸ್ಪೇನಿನ ರಾಮೋಸ್ ಕಥೆ ಹೇಳುತ್ತಾನೆ. ಅದೂ ಅಲ್ಲದೆ ನಮ್ಮಲ್ಲೇ 19ರ ಒಬ್ಬ ಒಳ್ಳೆ ಸ್ಟಾಪರ್ ಇದ್ದಾನೆ. ಅವನ ಅಪ್ಪ ಬಂದು, 'ನನ್ನ ಮಗನ್ನ ಬೆಂಚಲ್ಲಿ ಕೂರಿಸ್ತೀರಾ?' ಅಂತ ಕೇಳಿ ಹೋದರು.

ಉತ್ತರ: ದುಡ್ಡು ಕೊಟ್ಟು ಮುದುಕರನ್ನು ತಂದು ನಗೆಪಾಟಲಾಗುತ್ತೇವಾ ಅನ್ನುವುದು ನಿಮ್ಮ ಭಯ. ತರದೆ ಮತ್ತೆ ಅದೇ ಗೋಲು ತಿನ್ನುತ್ತೇವಾ ಅನ್ನುವುದು ಇನ್ನೊಂದು ಭಯ. ಎರಡೂ ಸರಿಯೇ. ಯಾರನ್ನು ತರಬೇಕು ಅಂತ ಕೊನೆಗೆ ನೇರವಾಗಿ ಹೇಳುತ್ತೇನೆ, ಜಾರಿಕೊಳ್ಳುವುದಿಲ್ಲ. ಆದರೆ ಮೊದಲು ಆ 9 ಗೋಲಿನ ವಿಷಯ ಮಾತಾಡೋಣ. ಯಾಕೆಂದರೆ ಔಷಧಿ ಇರುವುದು ಅಲ್ಲಿ.

ಕೊನೆ ಕಾಲು ಗಂಟೆಯಲ್ಲಿ ಗೋಲಾದರೆ ಬೈಸಿಕೊಳ್ಳುವವರು ಬ್ಯಾಕ್‌ಗಳು. ತಪ್ಪು ಶುರುವಾಗುವುದು ಸಾಮಾನ್ಯವಾಗಿ ಅವರಿಂದ 30 ಮೀಟರ್ ಮುಂದೆ. ನಿಮ್ಮ ಹುಡುಗರು ಮೊದಲ ಒಂದು ಗಂಟೆ ಚೆನ್ನಾಗಿ ಪ್ರೆಸ್ ಮಾಡುತ್ತಾರೆ. ಎದುರಾಳಿ ಮಿಡ್‌ಫೀಲ್ಡರ್ ತಲೆ ಎತ್ತುವಷ್ಟರಲ್ಲಿ ಒಬ್ಬ ಕಾಲ ಬುಡಕ್ಕೆ ಬಂದಿರುತ್ತಾನೆ. ಆತ ಎತ್ತಲೋ ಒದ್ದು ಕೈ ತೊಳೆದುಕೊಳ್ಳುತ್ತಾನೆ. 75ನೇ ನಿಮಿಷಕ್ಕೆ ನಿಮ್ಮ ಫಾರ್ವರ್ಡ್‌ಗಳ ದಮ್ಮು ಮುಗಿದಿರುತ್ತದೆ. ಓಡುವ ಹಾಗೆ ಕಾಣುತ್ತಾರೆ, ತಲುಪುವುದಿಲ್ಲ. ಈಗ ಅದೇ ಮಿಡ್‌ಫೀಲ್ಡರಿಗೆ ಬಾಲ್ ನಿಲ್ಲಿಸಿ, ನೋಡಿ, ಅಳೆದು ಒದೆಯಲು ಎರಡು ಸೆಕೆಂಡ್ ಸಿಗುತ್ತದೆ. ನಿಮ್ಮ ಬ್ಯಾಕ್ ಲೈನ್ (ಡಿಫೆಂಡರ್‌ಗಳ ಸಾಲು) ಮಾತ್ರ ಇನ್ನೂ ಹಾಫ್‌ಲೈನ್ ಹತ್ತಿರವೇ ನಿಂತಿರುತ್ತದೆ. ಹಿಂದೆ ಬನ್ನಿ ಅಂತ ಯಾರೂ ಹೇಳಿರುವುದಿಲ್ಲ, ಹೇಳುವವರೇ ಇಲ್ಲ. ಬಾಲ್ ತಲೆ ಮೇಲಿಂದ ಹೋಗುತ್ತದೆ.

ಹಾಗಾಗಿ ನಿಮಗೆ ಬೇಕಾಗಿರುವುದು ವೇಗದ ಇನ್ನೊಬ್ಬ ಡಿಫೆಂಡರೋ, ಹೊತ್ತು ನೋಡಿ ಲೈನನ್ನು ಹತ್ತು ಹೆಜ್ಜೆ ಹಿಂದೆ ಎಳೆಯುವ ಬಾಯಿಯೋ? ನಿಮ್ಮ ಪತ್ರ ಎರಡು ಸಲ ಓದಿದ ಮೇಲೆ ನನಗೆ ಎರಡನೆಯದೇ ಅನ್ನಿಸಿತು.

ಈಗ ವಯಸ್ಸಿನ ವಿಷಯ. ಮೂವತ್ತು ದಾಟಿದ ಮೇಲೆ ಎಲ್ಲ ಒಟ್ಟಿಗೆ ಹೋಗುವುದಿಲ್ಲ. ಸಿಡಿದು ಓಡಲು, ಜಿಗಿಯಲು ಬೇಕಾದ ಸ್ನಾಯುವಿನ ಎಳೆಗಳು ಮೊದಲು ಸೊರಗುತ್ತವೆ. ಒಂದೇ ಸಮನೆ ಓಡುವ ದಮ್ಮು ಆಮೇಲೆ ಇಳಿಯುತ್ತದೆ. ನೋಟ, ಅಂದಾಜು ಮಾತ್ರ ಆಡುತ್ತಿರುವವರೆಗೂ ಬೆಳೆಯುತ್ತಲೇ ಇರುತ್ತದೆ. ಸ್ಟಾಪರಿಗೆ ನಿಜವಾದ ಕಷ್ಟ ನೇರ ಓಟವೂ ಅಲ್ಲ. ಮುಂದಕ್ಕೆ ಬರುತ್ತಿದ್ದವನು ಬ್ರೇಕ್ ಹಾಕಿ, ಸೊಂಟ ತಿರುಗಿಸಿ, ತನ್ನ ಗೋಲಿನ ಕಡೆ ಓಡಬೇಕಲ್ಲ, ಆ ಮೊದಲ ಮೂರು ಹೆಜ್ಜೆ. 22ರ ಹುಡುಗ ಅಲ್ಲಿ ಒಂದು ತಪ್ಪು ಮಾಡಿದರೂ ಓಡಿ ಮುಚ್ಚಿಕೊಳ್ಳುತ್ತಾನೆ. 37ರವರಿಗೆ ಆ ಸಾಲ ಯಾರೂ ಕೊಡುವುದಿಲ್ಲ.

ಆದ್ದರಿಂದ 'ವಯಸ್ಸಾಯ್ತು, ಆಗಲ್ಲ' ಅನ್ನುವುದೂ ಅರ್ಧ ಸುಳ್ಳು, 'ಅನುಭವ ಇದೆ, ಸಾಕು' ಅನ್ನುವುದೂ ಅರ್ಧ ಸುಳ್ಳು. ಮ್ಯಾಚಲ್ಲಿ ಎಷ್ಟು ಸಲ ಅವರು ತಿರುಗಿ ಓಡಬೇಕಾಗುತ್ತದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಬೆನ್ನ ಹಿಂದೆ 15 ಮೀಟರ್ ಜಾಗ ಇದ್ದರೆ ಅವರು ರಾಜ. 40 ಮೀಟರ್ ಇದ್ದರೆ ಊರ ಮುಂದೆ ಮಾನ ಹೋಗುತ್ತದೆ.

ನಿಮ್ಮ ಹುಡುಗರ ಸಿಲ್ವಾ–ರಾಮೋಸ್ ಜಗಳವನ್ನೂ ಹೀಗೇ ಬಿಡಿಸಬಹುದು. ಥಿಯಾಗೋ ಸಿಲ್ವಾ 2020ರ ಆಗಸ್ಟಲ್ಲಿ ಇಂಗ್ಲೆಂಡಿನ ಚೆಲ್ಸಿ ಕ್ಲಬ್ಬಿಗೆ ಬಂದಾಗ 36 ತುಂಬಲು ಒಂದು ತಿಂಗಳಿತ್ತು. ಲೀಗಿನ ಮೊದಲ ಮ್ಯಾಚ್ ವೆಸ್ಟ್ ಬ್ರಾಮ್‌ವಿಚ್ ಮೇಲೆ. ಬಾಲ್ ಕಾಲಿಂದ ತಪ್ಪಿತು, ಎದುರಾಳಿ ಅದನ್ನು ಎತ್ತಿಕೊಂಡು ಓಡಿ ಗೋಲು ಹೊಡೆದ. ಮ್ಯಾಚ್ 3–3. 'ಮುಗೀತು, ಮುದುಕನ್ನ ತಂದ್ರು' ಅಂದವರು ಎಷ್ಟೋ ಜನ. ಜನವರಿಯಲ್ಲಿ ಕೋಚ್ ಬದಲಾದರು. ಟುಖೆಲ್ ಬಂದು ಮೂವರು ಸ್ಟಾಪರ್‌ಗಳನ್ನು ನಿಲ್ಲಿಸಿದರು. ಸಿಲ್ವಾ ನಟ್ಟ ನಡುವೆ, ಓಡಾಡುವ ಕೆಲಸ ಅಕ್ಕಪಕ್ಕದವರಿಗೆ. 2021ರ ಮೇ 29ಕ್ಕೆ ಪೋರ್ಟೊದಲ್ಲಿ ಮ್ಯಾಂಚೆಸ್ಟರ್ ಸಿಟಿಯನ್ನು 1–0 ಸೋಲಿಸಿ ಚಾಂಪಿಯನ್ಸ್ ಲೀಗ್ ಗೆದ್ದರು. ಆ ಫೈನಲ್ಲಲ್ಲಿ ಮೊದಲಾರ್ಧ ಮುಗಿಯುವ ಮೊದಲೇ ಸಿಲ್ವಾ ನೋವಾಗಿ ಹೊರಗೆ ಬಂದರು, ಕ್ರಿಸ್ಟೆನ್ಸನ್ ಒಳಗೆ ಹೋದರು. ಇದನ್ನು ನಿಮ್ಮ ಹುಡುಗ ಹೇಳಿರಲಿಕ್ಕಿಲ್ಲ. ಯಶಸ್ಸಿನ ಕಥೆಯಲ್ಲೂ ಬೆಂಚಿನ ಮೇಲೆ ತಯಾರಾಗಿ ಕೂತ ಇನ್ನೊಬ್ಬ ಬೇಕಾಯಿತು.

ಸರ್ಜಿಯೊ ರಾಮೋಸ್ 2021ರಲ್ಲಿ, 35ಕ್ಕೆ, ರಿಯಲ್ ಮ್ಯಾಡ್ರಿಡ್‌ನ 16 ವರ್ಷ ಮುಗಿಸಿ ಫ್ರಾನ್ಸಿನ ಪಿಎಸ್‌ಜಿ ಕ್ಲಬ್ಬಿಗೆ ಹೋದರು. ಎರಡು ವರ್ಷದ ಒಪ್ಪಂದ. ಮೊದಲ ಮ್ಯಾಚ್ ಆಡಿದ್ದು ನವೆಂಬರ್ 28ಕ್ಕೆ. ಅಷ್ಟರವರೆಗೆ ಮೀನಖಂಡದ ನೋವು, ಚಿಕಿತ್ಸೆ. ಎರಡನೇ ವರ್ಷ ಚೆನ್ನಾಗೇ ಆಡಿದರು. ಆದರೆ ಮ್ಯಾಡ್ರಿಡ್‌ನಲ್ಲಿ ಕೊನೆಯ ವರ್ಷವೇ ಅವರು ಮಂಡಿಗೆ ಆಪರೇಷನ್ ಮಾಡಿಸಿಕೊಂಡು ತುಂಬಾ ಮ್ಯಾಚ್ ತಪ್ಪಿಸಿಕೊಂಡಿದ್ದರು. ಸುಳಿವು ಕಣ್ಣೆದುರೇ ಇತ್ತು. ಸಿಲ್ವಾ ಮತ್ತು ರಾಮೋಸ್ ಇಬ್ಬರದೂ ಹೆಚ್ಚುಕಡಿಮೆ ಒಂದೇ ವಯಸ್ಸು. ಹಿಂದಿನ ಹನ್ನೆರಡು ತಿಂಗಳಲ್ಲಿ ಎಷ್ಟು ಆಡಿದ್ದರು ಅನ್ನುವುದರಲ್ಲಿ ವ್ಯತ್ಯಾಸ. ಹೆಸರು ನೋಡಿ ಮಾರುಹೋಗುವ ಮುಂಚೆ ನಾನು ಕೇಳುವ ಮೊದಲ ಪ್ರಶ್ನೆ ಅದೇ.

ನಿಮ್ಮ ಟೀಮಿಗೆ ಇನ್ನೂ ಹತ್ತಿರದ ಉದಾಹರಣೆ ಅಂದರೆ ಫ್ರಾನ್ಸಿನ ಸ್ಟಾಪರ್ ಲೋರಾನ್ ಬ್ಲಾಂಕ್. 2001ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ತನ್ನ ಗಟ್ಟಿ ಸ್ಟಾಪರ್ ಯಾಪ್ ಸ್ಟಾಮ್‌ನನ್ನು ಮಾರಿ, 35ರ ಬ್ಲಾಂಕನ್ನು ತಂದಿತು. ವಿಶ್ವಕಪ್ ಗೆದ್ದವರು, ಆಟ ಓದುವುದರಲ್ಲಿ ಅವರ ಸಮ ಇಲ್ಲ. ಆದರೆ ಯುನೈಟೆಡ್ ಎಲ್ಲರೂ ಮುಂದೆ ಹೋಗಿ ಆಡುವ ಟೀಮು. ಹಿಂದೆ ಬಯಲು. ಆ ಶರತ್ಕಾಲ ಲೀಗಲ್ಲಿ ಬೋಲ್ಟನ್, ಲಿವರ್‌ಪೂಲ್, ಆರ್ಸೆನಲ್, ನ್ಯೂಕಾಸಲ್, ಚೆಲ್ಸಿ ಮೇಲೆ ಸೋತರು. ಆ ಐದು ಹೆಸರುಗಳ ಇಂಗ್ಲಿಷ್ ಮೊದಲಕ್ಷರ ಜೋಡಿಸಿದರೆ ಬ್ಲಾಂಕ್ ಅಂತಲೇ ಆಗುತ್ತದೆ. ಪತ್ರಿಕೆಗಳಿಗೆ ಹಬ್ಬ. ಸ್ಟಾಮ್‌ನನ್ನು ಮಾರಿದ್ದು ತಪ್ಪಾಯಿತು ಅಂತ ಕೋಚ್ ಫರ್ಗುಸನ್ನರೇ ಆಮೇಲೆ ಒಪ್ಪಿಕೊಂಡರು. ಆದರೂ ಮರುವರ್ಷ ಯುನೈಟೆಡ್ ಲೀಗ್ ಗೆದ್ದಾಗ ಬ್ಲಾಂಕ್ ಆ ಟೀಮಲ್ಲೇ ಇದ್ದರು. ಮನುಷ್ಯ ಅವರೇ. ಸುತ್ತಲಿನವರಿಗೆ ಅವರ ಜೊತೆ ಆಡೋದು ಹೇಗೆ ಅಂತ ಅಷ್ಟರಲ್ಲಿ ಗೊತ್ತಾಗಿತ್ತು. ನಿಮ್ಮ ಟೀಮು ಈಗ ಆಡುವ ಹಾಗೇ ಆಡುತ್ತಾ, ಹಿಂದೆ ಊರಿನ ಅಣ್ಣನನ್ನು ನಿಲ್ಲಿಸಿದರೆ ಆಗುವುದು 2001ರ ಕಥೆ.

'ಅಷ್ಟು ದೊಡ್ಡ ಮಟ್ಟದಲ್ಲಿ ಆಡಿದವರಿಗೆ ನಮ್ಮ ಟೂರ್ನಮೆಂಟ್ ಯಾವ ಲೆಕ್ಕ?' ಅನ್ನುವವರು ನಿಮ್ಮ ಕಮಿಟಿಯಲ್ಲಿ ಇದ್ದೇ ಇರುತ್ತಾರೆ. ಅವರಿಗೆ ಇಂಗ್ಲೆಂಡ್ ತಂಡಕ್ಕೆ ಆಡಿದ ಸ್ಟಾಪರ್ ಸೋಲ್ ಕ್ಯಾಂಪ್‌ಬೆಲ್ ವಿಷಯ ಹೇಳಿ. 2009ರಲ್ಲಿ ಇಂಗ್ಲೆಂಡಿನ ನಾಲ್ಕನೇ ದರ್ಜೆಯ ನಾಟ್ಸ್ ಕೌಂಟಿಗೆ ಬಂದರು. ಆಡಿದ್ದು ಒಂದೇ ಮ್ಯಾಚ್, ಮೋರ್ಕಂಬ್ ಮೇಲೆ 2–1 ಸೋಲು. ಕೆಲವೇ ದಿನದಲ್ಲಿ ಬಿಟ್ಟು ಹೋದರು. ಜನವರಿಯಲ್ಲಿ ಆರ್ಸೆನಲ್ ಅವರನ್ನು ವಾಪಸ್ ಕರೆದುಕೊಂಡಿತು, ಅಲ್ಲಿ ಚಾಂಪಿಯನ್ಸ್ ಲೀಗಲ್ಲಿ ಗೋಲನ್ನೂ ಹೊಡೆದರು. ಕೆಳಗಿನ ಮಟ್ಟ ಸುಲಭ ಅನ್ನೋದು ಹೊರಗಿನಿಂದ ನೋಡುವವರ ಮಾತು. ಮೇಲಿನ ಮಟ್ಟದಲ್ಲಿ ಪಕ್ಕದವನು ಎಲ್ಲಿರುತ್ತಾನೆ ಅಂತ ತಿರುಗಿ ನೋಡದೇ ಗೊತ್ತಿರುತ್ತದೆ. ನಮ್ಮ ಕಡೆ ರೈಟ್ ಬ್ಯಾಕ್ ನೀರು ಕುಡಿಯಲು ಲೈನಿನ ಹತ್ತಿರ ಹೋಗಿರುತ್ತಾನೆ! ನಗಬೇಡಿ, ನಾನು ಕಣ್ಣಾರೆ ನೋಡಿದ್ದೇನೆ.

ನೋಡಿದ್ದು ಅಂದಾಗ ಇನ್ನೊಬ್ಬರು ನೆನಪಾಗುತ್ತಾರೆ. ಕೆಲವು ವರ್ಷದ ಹಿಂದೆ ಶಿವಮೊಗ್ಗದ ನೆಹರೂ ಕ್ರೀಡಾಂಗಣದಲ್ಲಿ ಒಂದು ಮ್ಯಾಚ್. ಬೆಳಿಗ್ಗೆ ಮಳೆ ಬಂದು ನಿಂತಿತ್ತು. ಒಂದು ಟೀಮಿನ ಸ್ಟಾಪರಿಗೆ 38. ಹೊಟ್ಟೆ ಸ್ವಲ್ಪ ಮುಂದೆ. ಎದುರಿಗೆ ಚಿಗರೆಯಂಥ ಹುಡುಗ. ಇವತ್ತು ಇವರ ಕಥೆ ಮುಗೀತು ಅಂತ ನಾನೂ ಅಂದುಕೊಂಡೆ. ಆಮೇಲೆ ಬಾಲ್ ಬಿಟ್ಟು ಅವರನ್ನೇ ನೋಡಲು ಶುರು ಮಾಡಿದೆ. ಎದುರಾಳಿ ಒದೆಯಲು ಕಾಲು ಹಿಂದಕ್ಕೆ ತೆಗೆಯುವಷ್ಟರಲ್ಲಿ ಇವರು ಎರಡು ಹೆಜ್ಜೆ ಹಿಂದೆ ಸರಿದಾಗಿರುತ್ತಿತ್ತು, ದೇಹ ಅಡ್ಡಕ್ಕೆ ತಿರುಗಿರುತ್ತಿತ್ತು. ಎಡಗೈ ಪಕ್ಕದ ಹುಡುಗನ ಜರ್ಸಿ ಮೇಲೆ. ಮುಂದೆ ಹೋಗಬೇಕಾದರೆ ಒಂದು ತಳ್ಳು, ಹಿಂದೆ ಬರಬೇಕಾದರೆ ಒಂದು ಎಳೆತ. ಬಾಯಲ್ಲಿ ಎರಡೇ ಮಾತು: 'ಬಾ', 'ನಿಲ್ಲು'. ತೊಂಬತ್ತು ನಿಮಿಷದಲ್ಲಿ ಅವರು ಜೋರಾಗಿ ಓಡಿದ್ದನ್ನು ನಾನು ಎಣಿಸಿದ್ದು ನಾಲ್ಕು ಸಲ. ಗೋಲಾಗಲಿಲ್ಲ. ಮ್ಯಾಚ್ ಮುಗಿದ ಮೇಲೆ ಮೆಟ್ಟಿಲ ಮೇಲೆ ಕೂತು ಬೂಟು ಬಿಚ್ಚಲು ಬಗ್ಗಲಾಗದೆ, ಪಕ್ಕದಲ್ಲಿ ಆಡಿದ ಹುಡುಗನ ಹತ್ತಿರವೇ ಬಿಚ್ಚಿಸಿಕೊಂಡರು.

ಅವತ್ತು ಕೆಸರೂ ಅವರ ಪರ ಇತ್ತು, ಅದನ್ನೂ ಹೇಳಬೇಕು. ಒದ್ದೆ ನೆಲದಲ್ಲಿ ತಲೆ ಮೇಲಿಂದ ಬಂದ ಬಾಲ್ ಬಿದ್ದಲ್ಲೇ ಕಚ್ಚಿಕೊಳ್ಳುತ್ತದೆ, ನಡೆದು ಹೋಗಿಯೂ ತೆಗೆಯಬಹುದು. ನಿಮ್ಮ ಟೂರ್ನಮೆಂಟುಗಳು ನವೆಂಬರಿಂದ ಫೆಬ್ರವರಿವರೆಗೆ. ನವೆಂಬರಲ್ಲಿ ಇನ್ನೂ ಹುಲ್ಲಿರುತ್ತದೆ. ಫೆಬ್ರವರಿ ಹೊತ್ತಿಗೆ ಹುಲ್ಲು ಹೋಗಿ ಕೆಂಪು ನೆಲ, ಜಂಬಿಟ್ಟಿಗೆಯ ಹರಳು. ಬಾಲ್ ಪುಟಿದು ಹಾರಿಹೋಗುತ್ತದೆ. ವಯಸ್ಸಾದ ಸ್ಟಾಪರಿಗೆ ಅದು ಎರಡು ಕಡೆಯಿಂದ ಪೆಟ್ಟು: ಬಾಲಿನ ಹಿಂದೆ ಓಡಬೇಕು, ಮಂಡಿಯೂ ಕೇಳುವುದಿಲ್ಲ. ಅದಕ್ಕೇ ನಾನಾದರೆ ಡಿಸೆಂಬರ್ ಒಳಗಿನ ಮ್ಯಾಚುಗಳಿಗೆ ಅಣ್ಣನನ್ನು ಜಾಸ್ತಿ ಬಳಸಿ, ಆಮೇಲಿನವಕ್ಕೆ ಅಳೆದು ತೂಗಿ ಇಳಿಸುತ್ತೇನೆ.

ಇನ್ನು ಭದ್ರಾವತಿಯವರು. ಕಾಗದದ ಮೇಲೆ ನೋಡಿದರೆ ಅವರೇ ಉತ್ತಮ. ನಾಲ್ಕು ವರ್ಷ ಚಿಕ್ಕವರು, ಈಗಲೂ ಆಡುತ್ತಿದ್ದಾರೆ, ವೇಗ ಇದೆ. ಬದಿಯ ಬ್ಯಾಕ್ ನಡುವಿಗೆ ಬಂದು ಆಯಸ್ಸು ಹೆಚ್ಚಿಸಿಕೊಳ್ಳುವುದು ಹಳೆಯ ದಾರಿ. ಇಟಲಿಯ ಡಿಫೆಂಡರ್ ಮಾಲ್ದೀನಿ ಎಡಬದಿಯಿಂದ ನಡುವಿಗೆ ಬಂದು 40 ದಾಟುವವರೆಗೆ ಮಿಲಾನ್‌ಗೆ ಆಡಿದರು. ನಡುವೆ ನಿಂತವನಿಗೆ ಸ್ಪ್ರಿಂಟ್ ಕಡಿಮೆ, ಅಷ್ಟು ಮಟ್ಟಿಗೆ ತೊಡೆಗೂ ಆರಾಮ.

ಆದರೆ ಒಂದೇ ವರ್ಷದಲ್ಲಿ ಎರಡು ಸಲ ಹ್ಯಾಮ್‌ಸ್ಟ್ರಿಂಗ್ ಅನ್ನುವುದು ನನಗೆ 37 ಅನ್ನುವ ಅಂಕಿಗಿಂತ ಜಾಸ್ತಿ ಹೆದರಿಕೆ ಹುಟ್ಟಿಸುತ್ತದೆ. ತೊಡೆಯ ಹಿಂಭಾಗದ ಈ ಸ್ನಾಯು ಮತ್ತೆ ಹರಿಯುತ್ತದಾ ಅಂತ ಹೇಳಲು ಇರುವ ಅತಿ ದೊಡ್ಡ ಸುಳಿವು, ಅದು ಮೊದಲು ಹರಿದಿತ್ತಾ ಅನ್ನುವುದು. 'ವಾಸಿ ಆಗಿದೆ ಸಾರ್, ನೋವೇ ಇಲ್ಲ' ಅಂತ ಎಲ್ಲರೂ ಹೇಳುತ್ತಾರೆ. ನೋವು ಹೋಗುವುದು ಬೇಗ, ಬಲ ಬರುವುದು ನಿಧಾನ. ನಡುವಿನ ಆ ದಿನಗಳಲ್ಲೇ ಎರಡನೇ ಸಲ ಹಿಡಿದುಕೊಳ್ಳುವುದು. ಎರಡೂ ಸಲ ಒಂದೇ ಕಾಲಾ ಅಂತ ಕೇಳಿ. ಎರಡರ ನಡುವೆ ಎಷ್ಟು ವಾರ ಬಿಟ್ಟಿದ್ದರು ಅಂತ ಕೇಳಿ. ಒಂದೇ ಕಾಲು, ಮೂರು ನಾಲ್ಕು ವಾರಕ್ಕೇ ವಾಪಸ್ ಅಂದರೆ ಅವರು ಸರಿಯಾಗಿ ವಾಸಿ ಮಾಡಿಕೊಂಡೇ ಇಲ್ಲ. ನಿಮ್ಮ ಲೈನು ಬೇರೆ ಮುಂದೆ, ಹಾಫ್‌ಲೈನ್ ಹತ್ತಿರ ನಿಂತಿರುತ್ತದೆ. ಅಂದರೆ ಯಾವ ಓಟ ಆ ಸ್ನಾಯುವಿಗೆ ಆಗಿಬರುವುದಿಲ್ಲವೋ ಅದನ್ನೇ ನೀವು ಅವರಿಂದ ಮಾಡಿಸುತ್ತೀರಿ.

ಇದು ನನ್ನ ಮೈಮೇಲೆ ಬಂದ ಪಾಠ. ನನಗೆ 34 ಆದಾಗ ಒಂದು ಕ್ಲಬ್ಬಿಗೆ ಅತಿಥಿ ಆಟಗಾರನಾಗಿ ಹೋಗಿದ್ದೆ. ಮೀನಖಂಡ ಬಿಗಿಯಾಗಿತ್ತು. ಅವರು ಒತ್ತಾಯ ಮಾಡಿದರು, ನಾನೂ ದುಡ್ಡು ತಗೊಂಡಾಗಿತ್ತು. ಸ್ಪ್ರೇ ಹೊಡೆದು ಇಳಿದೆ. ಅರ್ಧ ಗಂಟೆಗೆ ಹಿಂದಿನಿಂದ ಯಾರೋ ಕಲ್ಲು ಬೀಸಿ ಹೊಡೆದ ಹಾಗಾಯಿತು. ಬೈಯೋಣ ಅಂತ ತಿರುಗಿ ನೋಡಿದೆ, ಹತ್ತು ಗಜದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಆಮೇಲೆ ನಾಲ್ಕು ತಿಂಗಳು ಕುಂಟಿದೆ. ಕ್ಲಬ್ಬಿನವರು ಉಳಿದ ದುಡ್ಡು ಕೊಡಲಿಲ್ಲ. ಕೇಳಲು ನನಗೂ ಮುಖ ಇರಲಿಲ್ಲ. ಪೂರ್ತಿ ಮುಂಗಡ ಕೊಡುವುದು, ಇಸಕೊಳ್ಳುವುದು ಎರಡೂ ಕೆಟ್ಟದ್ದು ಅಂತ ಅವತ್ತಿನಿಂದ ಹೇಳುತ್ತಾ ಬಂದಿದ್ದೇನೆ.

ಹಾಗಾದರೆ ದಾರಿ ಏನು?

ಊರಿನ ಅಣ್ಣನನ್ನೇ ಕರೆಸಿ. ಆದರೆ ಸೀಸನ್ನಿಗೆ ಅಂತ ಮಾತು ಕೊಡಬೇಡಿ. ಎರಡು ವರ್ಷದಿಂದ ಭಾನುವಾರದ ಆಟ ಮಾತ್ರ ಅನ್ನುವುದು ಸಣ್ಣ ವಿಷಯ ಅಲ್ಲ. ಸ್ಟಾಪರ್ ಜಾನಿ ಇವಾನ್ಸ್ ಕಥೆ ನನಗೆ ಇಷ್ಟ. 2023ರಲ್ಲಿ 35ರ ಈತನಿಗೆ ಕ್ಲಬ್ ಇರಲಿಲ್ಲ. ಹಳೆಯ ಕ್ಲಬ್ ಮ್ಯಾಂಚೆಸ್ಟರ್ ಯುನೈಟೆಡ್ ಸೀಸನ್ ಮುಂಚಿನ ಮ್ಯಾಚುಗಳಿಗಷ್ಟೇ ಅಂತ ಸಣ್ಣ ಒಪ್ಪಂದ ಮಾಡಿಕೊಂಡಿತು. ನೋಡಿದರು, ಪರವಾಗಿಲ್ಲ ಅನ್ನಿಸಿತು. ಸೆಪ್ಟೆಂಬರಲ್ಲಿ ಒಂದು ವರ್ಷದ ಒಪ್ಪಂದ ಕೊಟ್ಟರು. ಆ ಸೀಸನ್ ಕೊನೆಗೆ ಎಫ್‌ಎ ಕಪ್ ಫೈನಲ್ಲಲ್ಲಿ ಬದಲಿಯಾಗಿ ಇಳಿದು ಕಪ್ ಎತ್ತಿದರು. ಅಷ್ಟು ದೊಡ್ಡ ಕ್ಲಬ್ಬೇ ಮೊದಲು ನೋಡಿ ಆಮೇಲೆ ಕೊಂಡುಕೊಂಡರೆ ನಿಮಗೇನು ಸಂಕೋಚ? 'ಅಣ್ಣ, ಒಂದು ತಿಂಗಳು ಜೊತೆಗೆ ಆಡಿ, ಆಮೇಲೆ ಕೂತು ಮಾತಾಡೋಣ' ಅನ್ನಿ. ನಿಜವಾದ ಆಟಗಾರ ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಆ ತಿಂಗಳಲ್ಲಿ ನೋಡಬೇಕಾದದ್ದು ಹೇಳುತ್ತೇನೆ. 30 ಮೀಟರ್ ಓಟ ಆರು ಸಲ, ನಡುವೆ ಅರ್ಧ ನಿಮಿಷ ಬಿಡುವು. ಮೊದಲನೆಯದು ನಿಧಾನ ಇದ್ದರೆ ಚಿಂತೆ ಇಲ್ಲ. ಆರನೆಯದು ಮೊದಲನೆಯದಕ್ಕಿಂತ ತೀರಾ ಕೆಟ್ಟಿದ್ದರೆ ಚಿಂತೆ. ಒಂದು ಪೂರ್ತಿ ಮ್ಯಾಚ್ ಮೊಬೈಲಲ್ಲಿ ರೆಕಾರ್ಡ್ ಮಾಡಿ. ಬಾಲಿನ ಹಿಂದೆ ಕ್ಯಾಮೆರಾ ಓಡಿಸಬೇಡಿ, ಬ್ಯಾಕ್ ಲೈನ್ ಪೂರ್ತಿ ಕಾಣುವ ಹಾಗೆ ಎತ್ತರದಲ್ಲಿ ಇಡಿ. ಆಮೇಲೆ ಕೂತು ಅವರು ಎಷ್ಟು ಸಲ ಬೆನ್ನು ತಿರುಗಿಸಿ ಓಡಿದರು ಎಣಿಸಿ. ಮರುದಿನ ಬೆಳಿಗ್ಗೆ ಫೋನ್ ಮಾಡಿ ಮೆಟ್ಟಿಲು ಇಳಿಯುವಾಗ ಹೇಗಿದೆ ಅಂತ ಕೇಳಿ. ಹತ್ತುವಾಗ ಅಲ್ಲ, ಇಳಿಯುವಾಗ. ಮಂಡಿ, ತೊಡೆ ನಿಜ ಹೇಳುವುದು ಅಲ್ಲೇ.

ಮತ್ತೆ, ಇದಕ್ಕೆ ಮುಂಚೆ ಒಂದು ಇಸಿಜಿ, ಬಿಪಿ, ಶುಗರ್, ಡಾಕ್ಟರ್ ಬೇಕು ಅಂದರೆ ಟ್ರೆಡ್‌ಮಿಲ್ ಪರೀಕ್ಷೆ. 35 ದಾಟಿದವರು ಮತ್ತೆ ಜೋರಾಗಿ ಆಡಲು ಇಳಿಯುವಾಗ ಮುಖ್ಯ ಅಪಾಯ ಹೃದಯದ ರಕ್ತನಾಳದ್ದು. ಮನೆಯಲ್ಲಿ ಯಾರಿಗಾದರೂ ಸಣ್ಣ ವಯಸ್ಸಲ್ಲಿ ಹೃದಯದ ತೊಂದರೆ ಆಗಿತ್ತಾ ಅಂತ ಕೇಳಲೇಬೇಕು. ಫ್ರಾನ್ಸಿನ ಡಿಫೆಂಡರ್ ಲಿಲಿಯನ್ ತುರಾಂ 2008ರಲ್ಲಿ, 36ಕ್ಕೆ, ಪಿಎಸ್‌ಜಿ ಸೇರಲು ಹೋದಾಗ ವೈದ್ಯಕೀಯ ಪರೀಕ್ಷೆಯಲ್ಲೇ ಹೃದಯದ ದೋಷ ಗೊತ್ತಾಯಿತು, ಆಟ ಬಿಟ್ಟರು. ಎದೆ ನೋವು, ತಲೆ ಸುತ್ತು, ಹಿಂದೆಂದೂ ಇಲ್ಲದ ಏದುಸಿರು ಬಂದರೆ ಅವತ್ತೇ ಆಟ ನಿಲ್ಲಿಸಿ. ಈ ವಿಷಯದಲ್ಲಿ ಮಾತ್ರ ನನಗೆ ತಮಾಷೆ ಇಲ್ಲ.

ಬಸ್ಸಿನ ವಿಷಯ ಕಮಿಟಿಯವರಿಗೆ ಹೊಳೆಯುವುದೇ ಇಲ್ಲ. ಬೆಂಗಳೂರಿಂದ ರಾತ್ರಿ ಬಸ್ಸಲ್ಲಿ ಏಳೆಂಟು ಗಂಟೆ ಮುದುಡಿ ಕೂತು, ಬೆಳಿಗ್ಗೆ ಇಳಿದು, ಮಧ್ಯಾಹ್ನ ಮೂರಕ್ಕೆ ಆಡಿದರೆ 22ರವನಿಗೆ ನಡೆಯುತ್ತದೆ. 37ರ ಸೊಂಟಕ್ಕೆ ನಡೆಯುವುದಿಲ್ಲ. ಹಿಂದಿನ ದಿನವೇ ಕರೆಸಿ. ಶಿವಮೊಗ್ಗವರೆಗೆ ರೈಲಿಗೆ ಬರಲಿ, ಎದ್ದು ಓಡಾಡಬಹುದು. ಬೆಳಿಗ್ಗೆ ಸೆಮಿಫೈನಲ್, ಸಂಜೆ ಫೈನಲ್ ಅನ್ನುವ ನಮ್ಮ ಕಡೆಯ ಟೂರ್ನಮೆಂಟಲ್ಲಿ ಅವರಿಂದ ಎರಡೂ ಆಡಿಸುವ ಆಸೆ ಬಿಡಿ. ದೊಡ್ಡ ಕ್ಲಬ್ಬುಗಳಲ್ಲೇ ಒಂದು ಮ್ಯಾಚಿಂದ ಪೂರ್ತಿ ಚೇತರಿಸಿಕೊಳ್ಳಲು ಮೂರು ದಿನ ಅಂತ ಲೆಕ್ಕ ಇಡುತ್ತಾರೆ.

50 ಸಾವಿರವನ್ನು ಹೀಗೆ ಒಡೆಯಿರಿ: ಮ್ಯಾಚಿಗಿಷ್ಟು ಅಂತ, ಆಡಿದ ದಿನವೇ ಕೈಗೆ. ಪ್ರಾಕ್ಟೀಸಿಗೆ ಬಂದ ದಿನಕ್ಕೂ ಸ್ವಲ್ಪ ಕೊಡಿ, ಯಾಕೆಂದರೆ ನಿಮಗೆ ಅವರ ಬೆಲೆ ಸಿಗುವುದು ಅಲ್ಲೇ. ನವೆಂಬರ್, ಡಿಸೆಂಬರಲ್ಲಿ ಅಡಿಕೆ ಕೊಯ್ಲು ಅಂತ ಅರ್ಧ ಹುಡುಗರು ಬರುವುದಿಲ್ಲ ಅಂತ ನನಗೂ ಗೊತ್ತು. ಹಾಗಾಗಿ ಅಕ್ಟೋಬರಲ್ಲೇ ಬ್ಯಾಕ್‌ಗಳು ನಾಲ್ವರು, ಗೋಲಿ (ಗೋಲ್‌ಕೀಪರ್) ಒಬ್ಬ, ಇಷ್ಟು ಜನರನ್ನಾದರೂ ಸೇರಿಸಿ ಆರು ಪ್ರಾಕ್ಟೀಸ್ ಮುಗಿಸಿ. ಒಂದೇ ಪಾಠ ಸಾಕು. ಎದುರಾಳಿ ಕಾಲಲ್ಲಿ ಬಾಲ್ ಇದೆ, ಅವನ ಮೇಲೆ ನಮ್ಮವರು ಯಾರೂ ಇಲ್ಲ ಅಂದರೆ ಲೈನ್ ಹಿಂದೆ. ನಮ್ಮವನೊಬ್ಬ ಮೈಮೇಲೆ ಬಿದ್ದಿದ್ದಾನೆ ಅಂದರೆ ಲೈನ್ ಮುಂದೆ. ಹೇಳುವುದು ಅಣ್ಣ ಒಬ್ಬರೇ. ಉಳಿದವರು ವಾದ ಮಾಡುವ ಹಾಗಿಲ್ಲ. ಗೋಲಿಗೂ ಹೇಳಿ, ಲೈನ್ ಮುಂದಿದ್ದಾಗ ಅವನು ಪೆನಾಲ್ಟಿ ಬಾಕ್ಸಿನ ಅಂಚಿಗೆ ಬಂದು ನಿಲ್ಲಬೇಕು. ತಲೆ ಮೇಲಿಂದ ಬಂದ ಬಾಲುಗಳಲ್ಲಿ ಅರ್ಧ ಅವನದೇ.

ಅಣ್ಣ ಈಗಲೂ ಬೇರೆ ಕ್ಲಬ್ಬಿನ ಹೆಸರಲ್ಲಿ ರಿಜಿಸ್ಟರ್ ಆಗಿದ್ದಾರಾ, ಆಫೀಸಿನಿಂದ ಅನುಮತಿ ಬೇಕಾ, ಇದನ್ನೂ ಈಗಲೇ ಕೇಳಿಬಿಡಿ. ಟೂರ್ನಮೆಂಟ್ ಮಧ್ಯ ಎದುರು ಟೀಮಿನವರು ತಕರಾರು ತೆಗೆದರೆ ಗೆದ್ದ ಮ್ಯಾಚೂ ಹೋಗುತ್ತದೆ.

ಭದ್ರಾವತಿಯವರಿಗೆ ಬಾಗಿಲು ಮುಚ್ಚಬೇಡಿ. ಪ್ರತಿ ವಾರ ತೊಡೆಯ ವ್ಯಾಯಾಮ ಮಾಡುತ್ತೇನೆ ಅಂದರೆ ಜನವರಿ ಹೊತ್ತಿಗೆ ಮತ್ತೆ ನೋಡಿ. ಮಂಡಿಯೂರಿ ಕೂರುವುದು, ಜೊತೆಗಾರ ಹಿಮ್ಮಡಿ ಒತ್ತಿ ಹಿಡಿಯುವುದು, ಬೆನ್ನು ನೆಟ್ಟಗಿಟ್ಟು ಆದಷ್ಟು ನಿಧಾನ ಮುಂದಕ್ಕೆ ವಾಲುವುದು. ನಾರ್ಡಿಕ್ ಅನ್ನುತ್ತಾರೆ. ದುಡ್ಡಿಲ್ಲದ ವ್ಯಾಯಾಮ. ಸರಿಯಾಗಿ ಮಾಡಿದ ಟೀಮುಗಳಲ್ಲಿ ಹ್ಯಾಮ್‌ಸ್ಟ್ರಿಂಗ್ ಗಾಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದದ್ದನ್ನು ಅಧ್ಯಯನಗಳು ತೋರಿಸಿವೆ. ನಿಮ್ಮ ಹುಡುಗರಿಗೂ ಮಾಡಿಸಿ.

ಇಬ್ಬರೂ ಬೇಡ, ನಮ್ಮವರೇ ಸಾಕು ಅನ್ನುವ ದಾರಿಯೂ ಇದೆ. ಲೈನ್ ಹಿಂದೆ ಎಳೆಯುವುದನ್ನು ಕಲಿಸಿ, 60ನೇ ನಿಮಿಷಕ್ಕೆ ಇಬ್ಬರು ಮಿಡ್‌ಫೀಲ್ಡರ್‌ಗಳನ್ನು ಬದಲಿಸಿದರೂ ಆ 9 ಗೋಲಲ್ಲಿ ಒಂದಷ್ಟು ನಿಲ್ಲುತ್ತದೆ. ಖರ್ಚಿಲ್ಲ. ಆದರೆ ಅದನ್ನು ಮೈದಾನದ ಒಳಗಿಂದ ಹೇಳುವವರು ಯಾರು? ಹೊರಗಿನಿಂದ ಕೂಗಿದರೆ ನಮ್ಮ ಜನರ ಗಲಾಟೆಯಲ್ಲಿ ಕೇಳಿಸುವುದಿಲ್ಲ.

ಅಣ್ಣ ಮೊದಲ ಮ್ಯಾಚಲ್ಲೇ ಎಡವಟ್ಟು ಮಾಡಿದರೆ? ಮಾಡಬಹುದು. 2024ರಲ್ಲಿ ಜರ್ಮನಿಯ 35ರ ಸ್ಟಾಪರ್ ಹುಮ್ಮೆಲ್ಸ್ ಇಟಲಿಯ ರೋಮಾ ಕ್ಲಬ್ ಸೇರಿದರು, ಸೀಸನ್ ಶುರುವಾದ ಮೇಲೆ, ತಯಾರಿ ಇಲ್ಲದೆ. ಬದಲಿಯಾಗಿ ಇಳಿದ ಮೊದಲ ಮ್ಯಾಚಲ್ಲೇ ತಮ್ಮ ಗೋಲಿಗೇ ಬಾಲ್ ಹೊಡೆದರು. ಫಿಯೊರೆಂಟಿನಾ ಮೇಲೆ 5–1 ಸೋಲು. ಆಮೇಲೆ ರಾನಿಯೇರಿ ಕೋಚ್ ಆಗಿ ಬಂದ ಮೇಲೆ ಅವರೇ ಡಿಫೆನ್ಸಿನ ಕಂಬ. ಹಾಗಂತ ಕಥೆ ಸುಖಾಂತ್ಯವೂ ಅಲ್ಲ. ಮಾರ್ಚಲ್ಲಿ ಬಿಲ್ಬಾವೊದಲ್ಲಿ 11ನೇ ನಿಮಿಷಕ್ಕೇ ರೆಡ್ ಕಾರ್ಡ್ ತಗೊಂಡರು, ಟೀಮು ಯೂರೋಪಾ ಲೀಗಿಂದ ಹೊರಬಿತ್ತು. ಒಂದು ತಪ್ಪಿಗೆ ತೆಗೆದುಹಾಕಬೇಡಿ. ಒಂದೇ ಥರದ ತಪ್ಪು ಮೂರು ಸಲ ಕಂಡರೆ ಮುಲಾಜು ನೋಡಬೇಡಿ.

ಉಳಿದದ್ದು ಆ 19ರ ಹುಡುಗ. ಅವನ ಅಪ್ಪನಿಗೆ ಹೇಳಿ, ಮಗ ಬೆಂಚಿಗೆ ಹೋಗುವುದಿಲ್ಲ, ಅಣ್ಣನ ಪಕ್ಕ ನಿಲ್ಲುತ್ತಾನೆ. ಬೆಂಚಿಗೆ ಹೋಗುವುದು ಇನ್ನೊಬ್ಬ ಸ್ಟಾಪರ್. ಅವನ ಅಪ್ಪ ಇನ್ನೂ ಬಂದಿಲ್ಲ, ಬರುತ್ತಾರೆ, ತಯಾರಾಗಿರಿ. 2016ರ ಐಎಸ್‌ಎಲ್‌ನಲ್ಲಿ (ಇಂಡಿಯನ್ ಸೂಪರ್ ಲೀಗ್) ಕೇರಳ ಬ್ಲಾಸ್ಟರ್ಸ್ ಹೀಗೇ ಮಾಡಿತ್ತು. ನಡುವೆ 36 ದಾಟಿದ ಆರನ್ ಹ್ಯೂಸ್ ಮತ್ತು ಸೆಡ್ರಿಕ್ ಹೆಂಗ್ಬಾರ್ಟ್. 23ರ ಸಂದೇಶ್ ಜಿಂಗನ್ ಬಲಬದಿಗೆ. ಟೀಮು ಫೈನಲ್ ತಲುಪಿ ಕೊಚ್ಚಿಯಲ್ಲಿ ಪೆನಾಲ್ಟಿ ಶೂಟೌಟಲ್ಲಿ ಸೋತಿತು. ಮುಂದಿನ ಸೀಸನ್ನಿಗೆ ಆ ಟೀಮಿನ ಕ್ಯಾಪ್ಟನ್ ಜಿಂಗನ್. ಓಡುವ ಕೆಲಸ ನಿಮ್ಮ ಹುಡುಗನದು, ಯಾವಾಗ ಓಡಬೇಕು ಅಂತ ಹೇಳುವುದು ಅಣ್ಣನದು. ಫೆಬ್ರವರಿಯ ಗಟ್ಟಿ ನೆಲದ ಮ್ಯಾಚುಗಳಲ್ಲಿ ಅಣ್ಣ ಬೆಂಚಿಗೆ ಬರಲಿ, ಹೇಳುವ ಕೆಲಸವೂ ಹುಡುಗನಿಗೇ ಬರಲಿ.

ಟ್ರಯಲ್‌ಗೆ ಅಣ್ಣ ಶಿವಮೊಗ್ಗದಲ್ಲಿ ರೈಲಿಳಿದಾಗ ನೀವು ಕಾರು ತಗೊಂಡು ಹೋಗಬೇಡಿ. ಆ 19ರ ಹುಡುಗನನ್ನೇ ಬೈಕಲ್ಲಿ ಕಳಿಸಿ. ದಾರಿಯಲ್ಲಿ ಮಂಡಗದ್ದೆ ಹತ್ತಿರ ನಿಲ್ಲಿಸಿ ಚಹಾ ಕುಡಿದು ಬರಲಿ. ಪ್ರಾಕ್ಟೀಸ್ ಅಲ್ಲಿಂದಲೇ ಶುರುವಾಗುತ್ತದೆ.